ಹದಿಮೂರನೇ ಅಭಿಪ್ರಾಯ

ಡೆರಿಕ್ ಗ್ರಿಮ್‌ಶಾಗೆ ಆ ಶನಿವಾರ ಬೇಕಾಗಿದ್ದದ್ದು ಒಂದೇ ಒಂದು ಅಭಿಪ್ರಾಯ. ಅದೂ ಇಂಗ್ಲೆಂಡಿನ ಬರ್ನ್ಲಿ ಎಂಬ ಊರಿನ ಬಾಬಿನ್ ಸ್ಟ್ರೀಟಿನಲ್ಲಿ. ಅಭಿಪ್ರಾಯಕ್ಕೆ ಎಂದೂ ಬರಗಾಲ ಬಾರದ ಬೀದಿ ಅದು. ಪ್ರಧಾನಿ ರಾತ್ರಿ ಟೀವಿಯಲ್ಲಿ ಎರಡು ಸಲ ಕೆಮ್ಮಿದರೆ, ಬೆಳಿಗ್ಗೆ ಜನ ಹಾಲಿನ ಬಾಟಲಿ ಒಳಗೆ ತೆಗೆದುಕೊಳ್ಳುವ ಹೊತ್ತಿಗೆ ಇಪ್ಪತ್ತು ಮನೆಗಳಲ್ಲಿ ಆ ಕೆಮ್ಮಿನ ಬಗ್ಗೆ ಇಪ್ಪತ್ತೆರಡು ಮಾತು ಹುಟ್ಟಿರುತ್ತಿದ್ದವು. ಆದರೂ ಡೆರಿಕ್‌ಗೆ ಬೇಕಾದ ಆ ಒಂದು ಮಾತ್ರ ಸಿಕ್ಕಿರಲಿಲ್ಲ.

ಇಪ್ಪತ್ತೆರಡು ವರ್ಷ ಕಾರ್ಪೆಟ್ ಅಂಗಡಿಯಲ್ಲಿ ಟೇಪು ಹಿಡಿದು ಜನರ ಮನೆಗಳ ಮೂಲೆ ಮೂಲೆ ಅಳೆದವನು ಡೆರಿಕ್. ಅಂಗಡಿ ಮುಚ್ಚಿತು. ಎಂಟು ತಿಂಗಳು ಮನೆಯಲ್ಲಿ ಕೂತು ಗೋಡೆ ನೋಡಿದ. ಕೊನೆಗೆ ಜನಾಭಿಪ್ರಾಯ ಸಂಗ್ರಹಿಸುವ ಸಂಸ್ಥೆಯೊಂದರಲ್ಲಿ ಮನೆ ಮನೆ ಸುತ್ತಿ ಪ್ರಶ್ನೆ ಕೇಳುವ ಕೆಲಸ ಸಿಕ್ಕಿತು. ಒಂದು ಸುತ್ತಿಗೆ ಇಪ್ಪತ್ತೈದು ವಿಳಾಸ ಕೊಡುತ್ತಾರೆ, ಹದಿಮೂರಾದರೂ ಮುಗಿಸಬೇಕು. ಮೊದಲ ಸಲ ಡೆರಿಕ್ ಹನ್ನೊಂದು ಮುಗಿಸಿದ್ದ. ಎರಡನೇ ಸಲ ಹನ್ನೆರಡು. ಈಗ ಮೂರನೆಯದು, ಮತ್ತೆ ಹನ್ನೆರಡಕ್ಕೆ ಬಂದು ನಿಂತಿತ್ತು. ಗಡುವು ಅಂದು ಸಂಜೆ ಆರಕ್ಕೆ.

ಮೇಲ್ವಿಚಾರಕಿ ಜಿಲಿಯನ್ ಬೆಳಿಗ್ಗೆಯೇ ಫೋನ್ ಮಾಡಿದ್ದಳು. "ಡೆರಿಕ್, ನೀವು ಒಳ್ಳೆಯವರು ಅಂತ ಎಲ್ಲರಿಗೂ ಗೊತ್ತು. ಆದ್ರೆ ಒಳ್ಳೆಯತನಕ್ಕೆ ಫಾರಮ್ಮಿನಲ್ಲಿ ಜಾಗ ಇಲ್ಲ. ಇವತ್ತು ಹದಿಮೂರಾಗ್ಲಿಲ್ಲ ಅಂದ್ರೆ ಮುಂದಿನ ಸುತ್ತಿಗೆ ನಿಮ್ಮನ್ನ ಕರೆಯೋಕಾಗಲ್ಲ."

"ಆಗತ್ತೆ," ಎಂದ ಡೆರಿಕ್. ಹೇಳಿದ ರೀತಿಗೆ ಅವನಿಗೇ ಧೈರ್ಯ ಬಂತು. ಮತ್ತೆ ಆ ಗೋಡೆ ನೋಡಿಕೊಂಡು ಕೂರುವುದಿಲ್ಲವೆಂದು ಬಸ್ಸಿನಲ್ಲೇ ಶಪಥ ಮಾಡಿದ.

ಬಾಬಿನ್ ಸ್ಟ್ರೀಟಿಗೆ ಕಾಲಿಡುತ್ತಿದ್ದಂತೆ ಹದಿನಾರನೇ ಮನೆಯ ಬೆರಿಲ್ ಬಾಗಿಲ ಮೆಟ್ಟಿಲಿಂದಲೇ ಕೈಬೀಸಿದಳು. ಇದು ಡೆರಿಕ್‌ನ ಆರನೇ ಭೇಟಿ. ಅವನ ಪಟ್ಟಿಯಲ್ಲಿ ಉಳಿದಿದ್ದ ಒಂದೇ ವಿಳಾಸ ಹದಿನಾಲ್ಕನೇ ಮನೆ, ಹಿಂದಿನ ಐದು ಸಲವೂ ಅದಕ್ಕೆ ಬೀಗ. ಅಷ್ಟೂ ಸಲ ಬೆರಿಲ್ ಮಾತ್ರ ತಪ್ಪದೆ ಸಿಕ್ಕಿದ್ದಳು.

"ಬಂದಿದಾರೆ ಕಣಪ್ಪ, ನಿನ್ನೆ ಸಾಯಂಕಾಲ ಸಮುದ್ರದ ಕಡೆಯಿಂದ ಬಂದ್ರು. ಅಲ್ಲಾ, ಅವ್ರನ್ನ ಯಾಕೆ ಕಾಯ್ತೀಯ? ನನ್ನನ್ನ ಕೇಳು. ಕೌನ್ಸಿಲ್‌ನವರು ಕಸದ ಡಬ್ಬ ಮೂರು ವಾರಕ್ಕೊಂದ್ಸಲ ಎತ್ತೋ ವಿಷಯದಿಂದ ಶುರು ಮಾಡ್ಲಾ?"

"ನಿಮ್ಮ ಮನೆ ನಂಬರ್ ಬಂದಿಲ್ಲ ಬೆರಿಲಮ್ಮ."

"ಮನೆ ನಂಬರಿಗೆ ತಲೆ ಇರತ್ತಾ? ನಂಗಿದೆ!"

ಎದುರು ಮನೆಯಲ್ಲಿ ಟ್ಯಾಕ್ಸಿ ತೊಳೆಯುತ್ತಿದ್ದ ಇಮ್ತಿಯಾಜ್ ಬಕೆಟ್ ಕೆಳಗಿಟ್ಟ. "ಭಾಯ್, ನಾನು ಈ ಬೀದಿಗೆ ಬಂದ ಮೇಲೆ ಎಷ್ಟು ಪ್ರಧಾನಿಗಳು ಬಂದು ಹೋದ್ರೋ ಲೆಕ್ಕ ತಪ್ಪಿದೆ. ಅಗೋ ಆ ಗುಂಡಿ ಮಾತ್ರ ಒಂದೇ ಇದೆ, ಅದೊಂದೇ ಸ್ಥಿರ ಸರ್ಕಾರ. ಇದನ್ನ ಬರ್ಕೊಳಿ."

ಬರೆದುಕೊಳ್ಳುವ ಹಾಗಿರಲಿಲ್ಲ. ಅದೇ ಈ ಕೆಲಸದ ಕಷ್ಟ. ಮನೆಯನ್ನು ಕಂಪ್ಯೂಟರು ಆರಿಸುತ್ತದೆ, ಮನೆಯೊಳಗೆ ಯಾರನ್ನು ಕೇಳಬೇಕೆಂಬುದನ್ನು ಹುಟ್ಟುಹಬ್ಬ ಆರಿಸುತ್ತದೆ. ಇವತ್ತಿನಿಂದ ಮುಂದಕ್ಕೆ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರೊಬ್ಬರನ್ನೇ ಕೇಳಬೇಕು. ಅವರು ಒಲ್ಲೆ ಎಂದರೆ ಪಕ್ಕದಲ್ಲಿ ಕೂತವರನ್ನು ಕೇಳುವಂತಿಲ್ಲ. ಇಲ್ಲದಿದ್ದರೆ ಎಲ್ಲ ಮನೆಯಲ್ಲೂ ಬಾಯಿ ಜೋರಿದ್ದವರೇ ಮುಂದೆ ಬಂದುಬಿಡುತ್ತಾರೆ, ಸುಮ್ಮನಿರುವವರ ಮನಸ್ಸು ದೇಶಕ್ಕೆ ತಿಳಿಯುವುದೇ ಇಲ್ಲ. ಡೆರಿಕ್‌ಗೆ ಈ ನಿಯಮದ ಮೇಲೆ ಅಪಾರ ಗೌರವ. ಕಾರ್ಪೆಟ್ ಅಳೆಯುವಾಗಲೂ ಅವನು ಕಣ್ಣಂದಾಜು ಮಾಡಿದವನಲ್ಲ.

ಹದಿನಾಲ್ಕನೇ ಮನೆಯ ಬಾಗಿಲು ತೆರೆದವಳು ಎನಿಡ್ ಹಾವರ್ತ್. ಎಪ್ಪತ್ತೆರಡರ ಪುಟ್ಟ ಹೆಂಗಸು, ಮೊಣಕೈಯವರೆಗೆ ಮೈದಾಹಿಟ್ಟು. ಕೈಯಲ್ಲಿ ಸಂಸ್ಥೆ ಕಳಿಸಿದ್ದ ಕಾಗದವನ್ನು ಮದುವೆಯ ಕರೆಯೋಲೆಯ ಹಾಗೆ ಹಿಡಿದಿದ್ದಳು.

"ಬನ್ನಿ ಬನ್ನಿ, ಕಾಗದ ನೋಡಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಬರೆದಿದೀರಿ. ಎರಡು ಸಲ ಓದಿದೆ. ಕೂತ್ಕೊಳಿ, ಚಹಾ ಆಗಿದೆ. ಮೊದಲು ಆಸ್ಪತ್ರೆ ವಿಷಯ ಹೇಳ್ಲಾ, ನೀರಿನ ಬಿಲ್ಲಿನ ವಿಷಯ ಹೇಳ್ಲಾ?"

"ಒಂದು ನಿಮಿಷ ಮೇಡಂ. ಈ ಮನೇಲಿ ಎಷ್ಟು ಜನ?"

"ನಾನು, ನನ್ನ ಗಂಡ ಸೆಡ್ರಿಕ್. ಇಬ್ರೇ."

"ಇವತ್ತಿಂದ ಮುಂದಕ್ಕೆ ಯಾರ ಹುಟ್ಟುಹಬ್ಬ ಮೊದಲು ಬರತ್ತೆ?"

"ಅಯ್ಯೋ, ಅದನ್ನೇನು ಕೇಳ್ತೀರಿ! ಇವ್ರದ್ದು, ಬರೋ ಶನಿವಾರ. ನೋಡಿ, ತೋರಣ ಕಟ್ಟಿ ಆಯ್ತು, ಕೇಕಿನ ಪರೀಕ್ಷೆ ನಡೀತಿದೆ. ಪ್ರತಿ ವರ್ಷ ಶನಿವಾರ ಇಡೀ ಬೀದಿ ಇಲ್ಲೇ ಇರತ್ತೆ. ನಂದು ಜುಲೈ ಹನ್ನೊಂದು, ಅದನ್ನ ಯಾರು ಕೇಳ್ತಾರೆ."

ಡೆರಿಕ್ ಟ್ಯಾಬ್ಲೆಟ್ಟಿನಲ್ಲಿ ಎರಡೂ ತಾರೀಕು ಒತ್ತಿದ. ಜೂನ್ ಹದಿನಾಲ್ಕು, ಸೆಡ್ರಿಕ್. ಜುಲೈ ಹನ್ನೊಂದು, ಎನಿಡ್. ಪರದೆ ಹಸಿರಾಗಿ ಸೆಡ್ರಿಕ್‌ನ ಹೆಸರು ತೋರಿಸಿತು.

"ಕ್ಷಮಿಸಿ ಮೇಡಂ. ನಿಮ್ಮ ಯಜಮಾನ್ರನ್ನೇ ಕೇಳಬೇಕು. ನಿಮ್ಮ ಅಭಿಪ್ರಾಯ ನಾನು ತಗೊಳೋ ಹಾಗಿಲ್ಲ."

ಎನಿಡ್‌ಳ ಮುಖದ ಮೇಲಿನ ನಗು ಮಾಸಿತು. ಕಾಗದವನ್ನು ಮಡಿಸಿ ಕೇಕಿನ ಡಬ್ಬದ ಕೆಳಗೆ ಇಟ್ಟಳು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ರಬ್ಬರ್ ಬೂಟಿನ ಸಪ್ಪಳ ಬಂತು.

ಸೆಡ್ರಿಕ್ ಹಾವರ್ತ್ ಆರಡಿ ಎತ್ತರದ ಮೌನಿ. ಡೆರಿಕ್‌ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಹೇಳಿದ: "ಮತಗಟ್ಟೇಲಿ ಓಟಿನ ಗುರುತು ಹಾಕೋಕೆ ದಾರ ಕಟ್ಟಿ ಒಂದು ಮೋಟು ಪೆನ್ಸಿಲ್ ಇಟ್ಟಿರ್ತಾರೆ, ನೋಡಿದೀಯಾ? ನನ್ನ ಓಟು ನಂಗೂ ಆ ಪೆನ್ಸಿಲ್ಲಿಗೂ ಬಿಟ್ಟ ವಿಷಯ. ನನ್ನ ಹೆಂಡ್ತಿಗೇ ಹೇಳಿಲ್ಲ, ನಿಂಗೆ ಹೇಳ್ತೀನಾ?" ಹಿಂಬಾಗಿಲಿಂದ ಹೊರಟುಹೋದ.

"ತರಕಾರಿ ತೋಟಕ್ಕೆ ಹೋದ್ರು," ಎಂದಳು ಎನಿಡ್. "ಹಠ ಹಿಡಿದ್ರೆ ಹೇಸರಗತ್ತೆ. ಅದಕ್ಕೇ ಹೇಳ್ತೀನಿ, ನಾನೇ..."

"ಇಲ್ಲ ಮೇಡಂ. ನಿಯಮ," ಎಂದು ಡೆರಿಕ್ ಹಿಂದೆಯೇ ಓಡಿದ.

ರೈಲು ಹಳಿಯ ಪಕ್ಕದಲ್ಲಿ ಕೌನ್ಸಿಲ್ ಬಾಡಿಗೆಗೆ ಕೊಟ್ಟ ತೋಟದ ತುಂಡುಗಳಿದ್ದವು. ಸೆಡ್ರಿಕ್ ತನ್ನ ತುಂಡಿನಲ್ಲಿ ಈರುಳ್ಳಿ ಮಡಿಯ ಮುಂದೆ ನಿಂತಿದ್ದ. ಪಕ್ಕದಲ್ಲಿ ಒಂದು ಗುಡ್ಡೆ ಕುದುರೆ ಗೊಬ್ಬರ. ಅವನು ಗೊಬ್ಬರವನ್ನೂ ಡೆರಿಕ್‌ನನ್ನೂ ಸನಿಕೆಯನ್ನೂ ಒಮ್ಮೆ ನೋಡಿದ. ಡೆರಿಕ್ ಕೋಟು ಕಳಚಿದ.

ಎರಡು ಗಂಟೆ ಗೊಬ್ಬರ ಹೊತ್ತ. ಕೊನೆಯ ತಳ್ಳುಗಾಡಿ ಕಲ್ಲಿಗೆ ಎಡವಿ, ಗಾಡಿ ಒಂದು ಕಡೆಗೆ ಉರುಳಿತು, ಡೆರಿಕ್ ಗೊಬ್ಬರದ ಕಡೆಗೆ ಉರುಳಿದ. ಎದ್ದು ಕಣ್ಣೊರೆಸಿಕೊಂಡು ಕೇಳಿದ, "ಈಗ ಹೇಳ್ತೀರಾ? ದೇಶ ಸರಿಯಾದ ದಾರೀಲಿದೆಯೋ, ತಪ್ಪು ದಾರೀಲಿದೆಯೋ?"

"ಇನ್ನೂ ಸ್ವಲ್ಪ ಎಡಕ್ಕೆ ಹರಡು," ಎಂದ ಸೆಡ್ರಿಕ್, ಗೊಬ್ಬರ ನೋಡುತ್ತ. ಸನಿಕೆ ಒರೆಸಿಟ್ಟು ಅಲ್ಲಿಂದಲೂ ಹೊರಟ.

ಅದೇ ವೇಷದಲ್ಲಿ ಹದಿನಾಲ್ಕಕ್ಕೆ ಮರಳಿದ ಡೆರಿಕ್‌ನನ್ನು ನೋಡಿ ಎನಿಡ್ ಅವನ ಪ್ಯಾಂಟು ಕಸಿದು ಯಂತ್ರಕ್ಕೆ ಹಾಕಿದಳು. ಸೆಡ್ರಿಕ್‌ನ ಪ್ಯಾಂಟನ್ನು ಎದೆಯವರೆಗೆ ಎತ್ತಿ, ತೋರಣದ ಮಿಕ್ಕ ದಾರದಿಂದ ಕಟ್ಟಿಕೊಂಡು ಅವನು ಅಡುಗೆಮನೆಯಲ್ಲಿ ಕೂತ. ಎನಿಡ್ ಚಹಾ ಸುರಿಯುತ್ತ ಆರಂಭಿಸಿದಳು.

"ನನ್ನ ತಂಗಿ ಸೊಂಟದ ಆಪರೇಷನ್ನಿಗೆ ಹದಿನಾಲ್ಕು ತಿಂಗಳು ಕಾದ್ಲು. ಮಂತ್ರಿ ಬಂದು ಕೈ ಕುಲುಕಿ ಫೋಟೋ ತೆಗೆಸ್ಕೊಂಡು ಹೋದ. ನಾನು ಅವನಿಗೆ ಏನು ಅಂದೆ ಗೊತ್ತಾ..."

ಡೆರಿಕ್‌ಗೆ ಕೇಳಬೇಕೆನ್ನಿಸಿತು, ನಿಜಕ್ಕೂ. ಹನ್ನೆರಡು ಮನೆಗಳಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆದರೆ ಒಬ್ಬರ ಮನಸ್ಸು ಕೇಳಲು ಬಂದವನು ಮತ್ತೊಬ್ಬರ ಮಾತು ಕಿವಿಗೆ ಹಾಕಿಕೊಂಡು ಹೋಗಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ಮೇಡಂ, ಕೈಮುಗೀತೀನಿ. ನಾನು ಕೇಳಿಸ್ಕೋಬಾರದು."

ಎನಿಡ್ ಬಟ್ಟಲನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು. "ಅವ್ರು ಮೈದಾನದಲ್ಲಿದಾರೆ. ಬೌಲ್ಸ್ ಆಟ."

ಪ್ಯಾಂಟು ಒಣಗುವವರೆಗೆ ಕಾಯಲು ಸಮಯವಿರಲಿಲ್ಲ. ಇಮ್ತಿಯಾಜ್ ತಾನೇ ಟ್ಯಾಕ್ಸಿ ತಂದು ನಿಲ್ಲಿಸಿದ. "ಹತ್ತಿ ಭಾಯ್, ನಿಮ್ಮಂಥ ಹಠಗಾರನ್ನ ಪಾರ್ಲಿಮೆಂಟಿಗೆ ಕಳಿಸಬೇಕು. ಪ್ಯಾಂಟು ಮಾತ್ರ ಬೇರೆ ಹಾಕ್ಕೊಳಿ." ಹಿಂದಿನ ಸೀಟಿನಲ್ಲಿ ಬೆರಿಲ್ ಆಗಲೇ ಕೂತಿದ್ದಳು. ದಾರಿಯುದ್ದಕ್ಕೂ ಇಬ್ಬರೂ ತೆರಿಗೆಯ ಬಗ್ಗೆ ಕಿತ್ತಾಡಿದರು. ಡೆರಿಕ್ ಕಿಟಕಿಯಾಚೆ ನೋಡುತ್ತ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡ.

ಮೈದಾನದಲ್ಲಿ ಪಂದ್ಯದ ಕೊನೆಯ ಘಟ್ಟ. ಜ್ಯಾಕ್ ಎಂಬ ಪುಟ್ಟ ಚೆಂಡಿಗೆ ಯಾರ ಚೆಂಡು ಹತ್ತಿರ ಉರುಳುತ್ತದೋ ಅವರಿಗೆ ಗೆಲುವು. ಆಟವೇನೋ ಅಷ್ಟೇ. ಆ ಹುಲ್ಲಿನ ಮೇಲೆ ಬೀದಿ ಬೂಟು ಹಾಕಿ ಕಾಲಿಡುವವನನ್ನು ಮಾತ್ರ ಆ ಲ್ಯಾಂಕಷೈರ್ ಸೀಮೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಸೆಡ್ರಿಕ್ ಕಾಣಿಸಿದ್ದೇ ತಡ, ಡೆರಿಕ್ ನೇರವಾಗಿ ನಡುಮಧ್ಯಕ್ಕೆ ನಡೆದ.

"ಬೂಟು! ಬೂಟು!" ಮೂವತ್ತು ಮುದುಕರು ಒಟ್ಟಿಗೆ ಕೂಗಿದರು.

ಡೆರಿಕ್ ಬೂಟು ಕಳಚಿ ಕೈಯಲ್ಲಿ ಹಿಡಿದು, ಎದೆಮಟ್ಟದ ಪ್ಯಾಂಟಿನಲ್ಲಿ, ಕಾಲುಚೀಲದಲ್ಲಿ ನಿಂತ. ಹಿಂದಕ್ಕೆ ಹೋಗಲಿಲ್ಲ. ಅಲ್ಲಿ ಆಗಲೇ ಜಗಳ ಹತ್ತಿತ್ತು. ಸೆಡ್ರಿಕ್‌ನ ಚೆಂಡೂ ಎದುರಾಳಿಯ ಚೆಂಡೂ ಜ್ಯಾಕಿನ ಅಕ್ಕಪಕ್ಕ ನಿಂತಿದ್ದವು. ನಂದು ಹತ್ತಿರ, ಇಲ್ಲ ನಂದು ಹತ್ತಿರ. ಕ್ಲಬ್ಬಿನ ಅಳತೆ ದಾರ ಯಾರೋ ಮನೆಗೆ ಒಯ್ದಿದ್ದರು.

"ನನ್ನ ಹತ್ರ ಟೇಪಿದೆ," ಎಂದ ಡೆರಿಕ್. ಇಪ್ಪತ್ತೆರಡು ವರ್ಷದ ಅಭ್ಯಾಸ, ಟೇಪಿಲ್ಲದೆ ಅವನು ಮನೆ ಬಿಡುತ್ತಿರಲಿಲ್ಲ.

ಮಂಡಿಯೂರಿ ಕೂತ. ಸೆಡ್ರಿಕ್‌ನ ನೆರಳು ಅವನ ಮೇಲೆ ಬಿತ್ತು. ಒಂದು ಕೂದಲೆಳೆಯಷ್ಟು ಅತ್ತ ಹೇಳಿದರೆ ಸೆಡ್ರಿಕ್ ಗೆಲ್ಲುತ್ತಾನೆ, ಸಂಜೆಗೆ ಹದಿಮೂರು ಆಗುತ್ತದೆ. ಡೆರಿಕ್ ಎರಡು ಸಲ ಅಳೆದ.

"ಅವ್ರದ್ದು ಹತ್ತಿರ," ಎಂದ, ಎದುರಾಳಿಯ ಕಡೆ ತೋರಿಸಿ. "ಎರಡು ಮಿಲಿಮೀಟರ್."

ಸೆಡ್ರಿಕ್‌ನ ಕಡೆಯವರು ಕೂಗಾಡಿದರು. ಬೆರಿಲ್ ಹಣೆ ಚಚ್ಚಿಕೊಂಡಳು, "ಇವನಿಗೆ ಬುದ್ಧಿ ಇದೆಯಾ?" ಸೆಡ್ರಿಕ್ ಮಾತ್ರ ತಾನೇ ಬಗ್ಗಿ ಟೇಪಿನ ಮೇಲಿನ ಗುರುತು ನೋಡಿದ. ಆಮೇಲೆ ತನ್ನ ಚೆಂಡು ಎತ್ತಿಕೊಂಡು ಹೇಳಿದ:

"ನೀನು ಸುಳ್ಳು ಬರೆಯೋನಲ್ಲ. ಬಾ ಮನೆಗೆ. ಏನು ಕೇಳ್ತೀಯೋ ಕೇಳು."

ಡೆರಿಕ್‌ಗೆ ಅಳುವೇ ಬಂತು.

ನಾಲ್ಕೂವರೆಗೆ ಹದಿನಾಲ್ಕನೇ ಮನೆಯ ಮುಂದಿನ ಕೋಣೆಯಲ್ಲಿ ಪ್ರಶ್ನೆಗಳು ಶುರುವಾದವು. ಕಳೆದ ಚುನಾವಣೆಯಲ್ಲಿ ಯಾರಿಗೆ ಓಟು ಎಂದು ಕೇಳಿದಾಗ ಸೆಡ್ರಿಕ್ ದನಿ ತಗ್ಗಿಸಿ, ಅವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮತಗಟ್ಟೆಗೆ ಹೋಗಿದ್ದೆ ಎಂದು ಶುರುಮಾಡಿದ. ಬಾಗಿಲಲ್ಲಿ ಎನಿಡ್ ತಟ್ಟೆ ಹಿಡಿದು ನಿಂತಿದ್ದಳು.

"ಸುಳ್ಳು ಹೇಳ್ಬೇಡಿ! ಅವತ್ತು ಬೆಳಿಗ್ಗೆ ನೀವು ಎದ್ದೇ ಇರ್ಲಿಲ್ಲ, ನಾನು ಎಬ್ಬಿಸಿ ಕಳಿಸಿದ್ದು."

"ಮೇಡಂ," ಡೆರಿಕ್ ಎದ್ದ. "ಇನ್ನೊಬ್ರು ಇರಬಾರದು. ದಯವಿಟ್ಟು ಅಡುಗೆಮನೇಲಿರಿ." ಅವಳನ್ನು ಮೆಲ್ಲಗೆ ಹೊರಗೆ ಕಳಿಸಿ ಬಾಗಿಲು ಹಾಕಿದ. ಚಿಲಕ ಬಿದ್ದ ಸದ್ದು ಅವನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಆಮೇಲೆ ಸೆಡ್ರಿಕ್ ಬಾಯಿ ಬಿಟ್ಟ. ಎಷ್ಟು ವರ್ಷದಿಂದ ಕಟ್ಟಿಟ್ಟಿದ್ದನೋ! ಸರ್ಕಾರ, ವಿರೋಧ ಪಕ್ಷ, ರೈಲು, ಮೀನಿನ ಬೆಲೆ, ಒಂದನ್ನೂ ಬಿಡಲಿಲ್ಲ. 'ಖಂಡಿತ ಒಪ್ಪುತ್ತೇನೆ', 'ಖಂಡಿತ ಒಪ್ಪುವುದಿಲ್ಲ' ಎರಡೇ ಅವನಿಗೆ ಗೊತ್ತಿದ್ದದ್ದು. ನಡುವಿನ ಉತ್ತರಗಳನ್ನು ಹೇಡಿಗಳಿಗೆ ಬಿಟ್ಟ. ಐದು ಗಂಟೆ ಹತ್ತು ನಿಮಿಷಕ್ಕೆ ಡೆರಿಕ್ ಕೊನೆಯ ಪ್ರಶ್ನೆಗೆ ಬಂದ. ಎದೆ ಹಗುರಾಗಿತ್ತು. ಜಿಲಿಯನ್‌ಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದ.

"ಕೊನೇದು. ನೀವು ಹುಟ್ಟಿದ ದಿನ, ತಿಂಗಳು, ವರ್ಷ?"

"ಡಿಸೆಂಬರ್ ಇಪ್ಪತ್ತೇಳು. ಸಾವಿರದ ಒಂಬೈನೂರ ಐವತ್ತು."

ಡೆರಿಕ್ ಒತ್ತಿದ. ಪರದೆ ಕೆಂಪಾಯಿತು. *ಜನ್ಮದಿನ ಹೊಂದುತ್ತಿಲ್ಲ. ಆಯ್ಕೆಯಾದ ವ್ಯಕ್ತಿ ಇವರಲ್ಲ.*

"ಡಿಸೆಂಬರ್ ಅಲ್ಲ ಸರ್, ಜೂನ್. ಬರೋ ಶನಿವಾರ. ತೋರಣ ಕಟ್ಟಿದೀರಿ!"

"ಓ, ಅದಾ! ಅದು ಅಧಿಕೃತ ಹುಟ್ಟುಹಬ್ಬ." ಸೆಡ್ರಿಕ್ ಹೆಮ್ಮೆಯಿಂದ ಮೀಸೆ ಸವರಿಕೊಂಡ. "ಕ್ರಿಸ್‌ಮಸ್ ಆಗಿ ಎರಡು ದಿನಕ್ಕೆ ಹುಟ್ಟಿದೋನು ನಾನು. ಚಿಕ್ಕೋನಿದ್ದಾಗ ಎಲ್ರೂ ಒಂದೇ ಉಡುಗೊರೆ ಕೊಟ್ಟು ಎರಡಕ್ಕೂ ಆಯ್ತು ಅನ್ನೋರು. ಈಗ ನಮ್ಮ ರಾಜರನ್ನ ನೋಡು. ಹುಟ್ಟಿದ್ದು ನವೆಂಬರ್ ಚಳೀಲಿ. ಬಿಸಿಲಿರ್ಲಿ ಅಂತ ಹುಟ್ಟುಹಬ್ಬದ ಕುದುರೆ, ಬ್ಯಾಂಡು, ಮೆರವಣಿಗೆ ಎಲ್ಲಾ ಜೂನ್ ಶನಿವಾರ. ಅವ್ರಿಗೆ ಎರಡು ಇರೋದಾದ್ರೆ ತೆರಿಗೆ ಕಟ್ಟೋ ನಂಗ್ಯಾಕಿರಬಾರದು? ಮದುವೆ ಆದ ವರ್ಷದಿಂದ, ಅವ್ರಮ್ಮ ರಾಣಿ ಆಗಿದ್ದ ಕಾಲದಿಂದ್ಲೂ, ಅರಮನೆ ಶನಿವಾರವೇ ನನ್ನ ಶನಿವಾರ. ಬೀದೀಲಿ ಯಾರನ್ನ ಬೇಕಾದ್ರೂ ಕೇಳು."

ಡೆರಿಕ್‌ನ ಕಿವಿಯಲ್ಲಿ ಬೆಳಗಿನ ಮಾತು ಮೊಳಗಿತು. ನಂದು ಜುಲೈ ಹನ್ನೊಂದು, ಅದನ್ನ ಯಾರು ಕೇಳ್ತಾರೆ.

ದೇಶ ಕೇಳಬೇಕಾಗಿದ್ದದ್ದು ಅವಳನ್ನೇ. ಬೆಳಗಿನಿಂದ ಚಹಾ ಕೊಟ್ಟು, ಪ್ಯಾಂಟು ಒಗೆದು, ಹೇಳುತ್ತೇನೆ ಹೇಳುತ್ತೇನೆ ಎಂದು ಹಿಂದೆ ಮುಂದೆ ಸುತ್ತಿದವಳನ್ನು.

ಗಡಿಯಾರ ನೋಡಿದ. ಐದು ಹದಿನೈದು. ಒಂದು ಸಂದರ್ಶನಕ್ಕೆ ನಲವತ್ತು ನಿಮಿಷ. ಇನ್ನೂ ಸಮಯವಿದೆ! ಡೆರಿಕ್ ಬಾಗಿಲು ತೆರೆದು ಅಡುಗೆಮನೆಗೆ ಓಡಿದ. ದಾರ ಸಡಿಲಾಗಿ ಜಾರುತ್ತಿದ್ದ ಪ್ಯಾಂಟನ್ನು ಒಂದು ಕೈಯಲ್ಲಿ, ಟ್ಯಾಬ್ಲೆಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದ.

"ಎನಿಡಮ್ಮ! ತಪ್ಪಾಯ್ತು. ಆಯ್ಕೆ ಆಗಿದ್ದು ನೀವು! ಹೇಳಿ, ಆಸ್ಪತ್ರೆ, ನೀರಿನ ಬಿಲ್ಲು, ಆ ಮಂತ್ರಿಗೆ ಏನಂದ್ರಿ, ಎಲ್ಲಾ ಹೇಳಿ!"

ಎನಿಡ್ ಅವನ ಒಣಗಿದ ಪ್ಯಾಂಟನ್ನು ಇಸ್ತ್ರಿ ಮಾಡುತ್ತಿದ್ದಳು. ಮಡಿಕೆ ಸರಿಪಡಿಸಿ, ಇಸ್ತ್ರಿ ಪೆಟ್ಟಿಗೆ ಆರಿಸಿ, ಕೇಕಿನ ಡಬ್ಬದ ಕೆಳಗಿಂದ ಆ ಕಾಗದ ತೆಗೆದಳು.

"ಒಂಬತ್ತು ಗಂಟೆಗೆ ಹೇಳೋಕೆ ಬಂದೆ, ಬೇಡ ಅಂದ್ರಿ. ಮಧ್ಯಾಹ್ನ ನಿಮ್ಮ ಪ್ಯಾಂಟಿನ ಗೊಬ್ಬರ ತೊಳೀತಾ ಹೇಳೋಕೆ ಬಂದೆ, ಕಿವಿ ಮುಚ್ಕೊಂಡ್ರಿ. ಆಮೇಲೆ ನನ್ನ ಮನೆ ಬಾಗಿಲನ್ನ ನನ್ನ ಮುಖಕ್ಕೇ ಹಾಕಿದ್ರಿ." ಕಾಗದವನ್ನು ಅವನ ಮುಂದೆ ಬಿಡಿಸಿ ಹಿಡಿದಳು. "ನಲವತ್ತೆಂಟು ವರ್ಷದಿಂದ ಈ ಮನೇಲಿ ಯಾರೂ ನನ್ನ ಕೇಳಿಲ್ಲ. ಕಾಗದ ಬಂದ ದಿನ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಇಲ್ಲಿ ಕೆಳಗೆ ಇನ್ನೊಂದು ಸಾಲಿದೆ, ನೋಡಿ. 'ಭಾಗವಹಿಸುವುದು ಸಂಪೂರ್ಣವಾಗಿ ನಿಮ್ಮ ಇಷ್ಟ.' ನಂಗೆ ಇಷ್ಟ ಇಲ್ಲ."

"ಎನಿಡ್, ಪಾಪ ಅವನ ಕೆಲಸ ಹೋಗತ್ತೆ," ಎಂದ ಸೆಡ್ರಿಕ್ ಹಿಂದಿನಿಂದ. "ಲೋ, ನಾನು ಹೇಳಿದ್ದನ್ನೇ ಅವಳ ಹೆಸರಿಗೆ ಹಾಕ್ಕೊಂಡ್ಬಿಡೋ."

"ನಿಮ್ಮ ಉತ್ತರ ನನ್ನ ಹೆಸರಿಗಾ? ನಾನು ಸತ್ತ ಮೇಲೆ!"

ಡೆರಿಕ್ ಟ್ಯಾಬ್ಲೆಟ್ ನೋಡಿದ. ಒಂದು ಹೆಸರು, ಒಂದು ತಾರೀಕು ತಿದ್ದಿದರೆ ಸಾಕು. ಎರಡು ಮಿಲಿಮೀಟರಿನಷ್ಟು ಸಣ್ಣ ಕೆಲಸ. ಬೆರಳು ಅಲ್ಲಿಯವರೆಗೆ ಹೋಯಿತು, ನಿಂತಿತು, ಹಿಂದೆ ಬಂತು.

"ಒಂದೇ ಪ್ರಶ್ನೆಗಾದ್ರೂ," ಎಂದು ಕೊನೆಯ ಸಲ ಕೇಳಿದ.

"ನನ್ನ ಓಟು," ಎನಿಡ್ ಗಂಡನ ಕಡೆ ಒಮ್ಮೆ ನೋಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು, "ನಂಗೂ ಆ ಪೆನ್ಸಿಲ್ಲಿಗೂ ಬಿಟ್ಟ ವಿಷಯ." ಆಮೇಲೆ ಪ್ಯಾಂಟನ್ನೂ ಕಾಗದದಲ್ಲಿ ಸುತ್ತಿದ ಎರಡು ತುಂಡು ಕೇಕನ್ನೂ ಅವನ ಕೈಗಿಟ್ಟಳು. "ಬೇಜಾರು ಮಾಡ್ಕೋಬೇಡಿ. ಬರೋ ಶನಿವಾರ ಊಟಕ್ಕೆ ಬನ್ನಿ. ಅಷ್ಟೊತ್ತಿಗೆ ನಿಮ್ಮ ನಿಯಮ ಎಲ್ಲಾ ಮುಗಿದಿರತ್ತೆ. ಆರಾಮಾಗಿ ಕೂತು ಹೇಳ್ತೀನಿ."

ತನ್ನ ಪ್ಯಾಂಟು ಹಾಕಿಕೊಂಡು ಡೆರಿಕ್ ಹೊರಗಿನ ಮೆಟ್ಟಿಲ ಮೇಲೆ ಕೂತ. ಆರಕ್ಕೆ ಐದು ನಿಮಿಷವಿರುವಾಗ ಜಿಲಿಯನ್ ಫೋನ್ ಮಾಡಿದಳು.

"ಆಯ್ತಾ ಹದಿಮೂರು?"

"ಇಲ್ಲ. ಆಯ್ಕೆಯಾದವರು ಒಪ್ಪಲಿಲ್ಲ."

"ಅಯ್ಯೋ ಡೆರಿಕ್. ಸರಿ, ನಿರಾಕರಿಸಿದ್ದಕ್ಕೆ ಕಾರಣ ಒತ್ತಿ ಮುಚ್ಚಿಬಿಡಿ. ಸೋಮವಾರ ಟ್ಯಾಬ್ಲೆಟ್ ಆಫೀಸಿಗೆ ತಂದ್ಕೊಡಿ."

ಪರದೆಯಲ್ಲಿ ಮೂರು ಕಾರಣಗಳಿದ್ದವು. ಕಾಯಿಲೆ. ಮನೆಯಲ್ಲಿಲ್ಲ. ರಾಜಕೀಯದಲ್ಲಿ ಆಸಕ್ತಿಯಿಲ್ಲ. ನಾಲ್ಕನೆಯದಿದೆಯೇ ಎಂದು ಡೆರಿಕ್ ಕೆಳಗೆ ಸರಿಸಿ ನೋಡಿದ. ಇರಲಿಲ್ಲ.

ಅವನ ಹಿಂದೆ ಕಿಟಕಿ ತೆರೆದಿತ್ತು. ಎನಿಡ್ ಸೆಡ್ರಿಕ್‌ಗೆ ಮಂತ್ರಿಯ ಕಥೆ ಮೊದಲಿಂದ ಹೇಳುತ್ತಿದ್ದಳು. ಬೆರಿಲ್ ಗೋಡೆಯಾಚೆಯಿಂದ ಅದಕ್ಕೆ ತಿದ್ದುಪಡಿ ಕೂಗುತ್ತಿದ್ದಳು. ಇಮ್ತಿಯಾಜ್ ಬಕೆಟ್ ಹಿಡಿದೇ ರಸ್ತೆ ದಾಟಿ ಬಂದು, ನಿಮ್ಮಿಬ್ಬರಿಗೂ ಆರ್ಥಿಕತೆ ಎಂದರೇನೆಂದೇ ಗೊತ್ತಿಲ್ಲ ಎನ್ನುತ್ತಿದ್ದ. ಡೆರಿಕ್ ಕೇಕಿನ ಒಂದು ತುಂಡು ಬಾಯಿಗೆ ಹಾಕಿಕೊಂಡು, ಬಾಬಿನ್ ಸ್ಟ್ರೀಟ್ ಹದಿನಾಲ್ಕನೇ ಮನೆಯ ಎನಿಡ್ ಹಾವರ್ತ್ ಹೆಸರಿನ ಮುಂದೆ ಮೂರನೆಯದನ್ನು ಒತ್ತಿದ.